ಹಳೆಯ ಅಂಬಾಸಿಡರ್ ನಾಕ್ ಹೊಡೆಯುತ್ತಿದೆಯೇ? ಡಿಸ್ಟ್ರಿಬ್ಯೂಟರ್ ತಿರುಗಿಸುವ ಮುನ್ನ ಇದನ್ನು ಓದಿ

ಸಂಕ್ಷಿಪ್ತವಾಗಿ

ಹಳೆಯ ಪೆಟ್ರೋಲ್ ಕಾರು ಏರಿನಲ್ಲಿ ಕಟಕಟ ಎಂದರೆ, ಬಿಸಿಯಾದರೆ ಅಥವಾ ಮೈಲೇಜ್ ಕೊಡದಿದ್ದರೆ "ಟೈಮಿಂಗ್ ಸ್ವಲ್ಪ ತಿರುಗಿಸಿ, ಸರಿಹೋಗುತ್ತದೆ" ಎಂಬ ಸಲಹೆ ಬಹಳ ಸಾಮಾನ್ಯ. ಇದು ಅರ್ಧ ಸತ್ಯ. ಇಗ್ನಿಷನ್ ಟೈಮಿಂಗ್ ತಪ್ಪಿದರೆ ಈ ತೊಂದರೆಗಳೆಲ್ಲ ಬರುತ್ತವೆ, ನಿಜ. ಆದರೆ ಇದೇ ತೊಂದರೆಗಳು ಬೇರೆ ಕಾರಣಗಳಿಂದಲೂ ಬರುತ್ತವೆ. ಟೈಮಿಂಗ್ ತಾನಾಗಿ ತಪ್ಪಿದ್ದರೆ ಅದಕ್ಕೂ ಒಂದು ಕಾರಣ ಇರುತ್ತದೆ. ಆ ಕಾರಣ ಹುಡುಕದೆ ತಿರುಗಿಸಿದರೆ ತೊಂದರೆ ಮುಚ್ಚಿಹೋಗುತ್ತದೆ, ಕೆಲವೊಮ್ಮೆ ಪಿಸ್ಟನ್ನೇ ಹೋಗುತ್ತದೆ.

ಇದು ಈಗ ಯಾಕೆ ಮುಖ್ಯ?

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಅದಕ್ಕೂ ಬಹಳ ಮೊದಲೇ ನಿಂತುಹೋಗಿತ್ತು. ಆದರೂ ನಮ್ಮ ಊರುಗಳಲ್ಲಿ ಅಜ್ಜನ ಕಾಲದ ಅಂಬಾಸಿಡರ್ ಅಥವಾ ಫಿಯೆಟ್ ಅನ್ನು ಮನೆಯವರಂತೆ ನೋಡಿಕೊಳ್ಳುವ ಕುಟುಂಬಗಳು ಇಂದಿಗೂ ಇವೆ. ಕೇಂದ್ರ ಸರ್ಕಾರ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಗೆ ಅವಕಾಶ ಮಾಡಿಕೊಟ್ಟಿದೆ.

ಕಾರು ಉಳಿದಿದೆ. ಆದರೆ ಅದನ್ನು ಬಲ್ಲ ಮೆಕ್ಯಾನಿಕ್‌ಗಳು ಕಡಿಮೆಯಾಗುತ್ತಿದ್ದಾರೆ. ಇಂದಿನ ಕಾರಿನಲ್ಲಿ ಟೈಮಿಂಗ್ ನೋಡಿಕೊಳ್ಳುವುದು ಕಂಪ್ಯೂಟರ್. ಹಾಗಾಗಿ ಹೊಸದಾಗಿ ಕೆಲಸ ಕಲಿತ ಹುಡುಗರಲ್ಲಿ ಹಲವರು ಪಾಯಿಂಟ್ ಗ್ಯಾಪ್ ಹೊಂದಿಸಿಯೇ ಇರುವುದಿಲ್ಲ. ಆ ಖಾಲಿ ಜಾಗವನ್ನು ಈಗ ಮೊಬೈಲ್ ಸಂದೇಶಗಳು ತುಂಬುತ್ತಿವೆ. ನೂರಿನ್ನೂರು ರೂಪಾಯಿಯ ಬಿಡಿಭಾಗದಲ್ಲಿ ಮುಗಿಯಬೇಕಾದ ಕೆಲಸಕ್ಕೆ "ಎಂಜಿನ್ ಬೋರಿಂಗ್ ಮಾಡಿಸಿ" ಎಂಬ ತೀರ್ಪು ಬಂದು, ಕೊನೆಗೆ ಬೇಸತ್ತ ಮಾಲೀಕರು ಗುಜರಿಗೆ ಕೊಡುವ ಮಟ್ಟಕ್ಕೂ ಹೋಗಬಹುದು. ಹಾಗಾಗಿ ಈ ವಿಷಯವನ್ನು ಮೊದಲಿನಿಂದ ಬಿಡಿಸಿ ನೋಡೋಣ.

ಇಗ್ನಿಷನ್ ಟೈಮಿಂಗ್ ಎಂದರೆ ನಿಜವಾಗಿ ಏನು?

ಮಗುವನ್ನು ಉಯ್ಯಾಲೆಯಲ್ಲಿ ಕೂರಿಸಿ ತೂಗುವುದನ್ನು ನೆನಪಿಸಿಕೊಳ್ಳಿ. ಉಯ್ಯಾಲೆ ನಿಮ್ಮತ್ತ ಬಂದು ಇನ್ನೇನು ಹಿಂದಿರುಗಬೇಕು ಎನ್ನುವಾಗ ತಳ್ಳಿದರೆ ಅದು ಸಲೀಸಾಗಿ ದೂರ ಹೋಗುತ್ತದೆ. ಇನ್ನೂ ನಿಮ್ಮ ಕಡೆಗೆ ಬರುತ್ತಿರುವಾಗಲೇ ತಳ್ಳಿದರೆ ಕೈಗೆ ಪೆಟ್ಟು. ದೂರ ಹೋದ ಮೇಲೆ ತಳ್ಳಿದರೆ ಶ್ರಮ ವ್ಯರ್ಥ. ಎಂಜಿನ್‌ನಲ್ಲಿ ಉಯ್ಯಾಲೆಯ ಜಾಗದಲ್ಲಿ ಪಿಸ್ಟನ್ ಇದೆ, ತಳ್ಳುವ ಕೈಯ ಜಾಗದಲ್ಲಿ ಉರಿಯುವ ಪೆಟ್ರೋಲ್ ಇದೆ.

ಆದರೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕಿಡಿ ಬಿದ್ದ ಕೂಡಲೇ ಪೂರ್ತಿ ಉರಿದುಬಿಡುವುದಿಲ್ಲ. ಪ್ಲಗ್‌ನ ಬಳಿ ಹೊತ್ತಿದ ಬೆಂಕಿ ಸಿಲಿಂಡರ್‌ನ ಉಳಿದ ಭಾಗಕ್ಕೆ ಹರಡಲು ಸಮಯ ಬೇಕು. ಲೆಕ್ಕಕ್ಕೆ ಸುಲಭವಾಗಲಿ ಎಂದು ಆ ಸಮಯವನ್ನು 2 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ, ಆ 2 ಮಿಲಿಸೆಕೆಂಡ್‌ನಲ್ಲಿ ಕ್ರ್ಯಾಂಕ್ 9 ಡಿಗ್ರಿ ತಿರುಗುತ್ತದೆ. ಅದೇ ಎಂಜಿನ್ 3000 ಸುತ್ತಿನಲ್ಲಿ ಓಡುತ್ತಿದ್ದರೆ ಅಷ್ಟೇ ಸಮಯದಲ್ಲಿ 36 ಡಿಗ್ರಿ ತಿರುಗಿಬಿಡುತ್ತದೆ.

ಅಂದರೆ ಪಿಸ್ಟನ್ ಮೇಲಿನ ತುದಿಗೆ ಬರುವ ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು ಎಂಬುದು ವೇಗದ ಜೊತೆ ಬದಲಾಗುತ್ತಿರಬೇಕು. ಈ ಮುಂಚಿತವನ್ನೇ ಗ್ಯಾರೇಜಿನಲ್ಲಿ 'ಅಡ್ವಾನ್ಸ್' ಎನ್ನುವುದು. ಕಿಡಿ ತಡವಾದರೆ 'ರಿಟಾರ್ಡ್'. ಎಂಜಿನ್‌ಗೆ ಬೇಕಾದ ಟೈಮಿಂಗ್ ಒಂದೇ ಒಂದು ಸಂಖ್ಯೆಯಲ್ಲ, ಅದು ಓಟದುದ್ದಕ್ಕೂ ಬದಲಾಗುತ್ತಲೇ ಇರುತ್ತದೆ. ಮೊಬೈಲ್ ಸಲಹೆಗಳು ಬಿಟ್ಟುಬಿಡುವುದು ಈ ಅಂಶವನ್ನೇ.

ಈ ಕೆಲಸ ಮಾಡುವವರು ಯಾರು?

ಹಳೆಯ ಕಾರಿನಲ್ಲಿ ಇದನ್ನೆಲ್ಲ ನಿಭಾಯಿಸುವುದು ಡಿಸ್ಟ್ರಿಬ್ಯೂಟರ್ ಎಂಬ ಪುಟ್ಟ ಡಬ್ಬಿ. ನಮ್ಮ ದೇಶದ ಕೆಲವು ಗ್ಯಾರೇಜುಗಳಲ್ಲಿ ಇದನ್ನು 'ಡೆಲ್ಕೊ' ಎಂದೂ ಕರೆಯುತ್ತಾರೆ. ಡೆಲ್ಕೊ ಎಂಬುದು ಅಮೆರಿಕದ ಓಹಾಯೊ ರಾಜ್ಯದ ಡೇಟನ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಸಂಗಡಿಗರು ಕಟ್ಟಿದ ಕಂಪನಿಯ ಹೆಸರು. ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟ್ ಬಳಸಿ ಕಿಡಿ ಹಾರಿಸುವ ಅವರ ವ್ಯವಸ್ಥೆ 1910ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅಂಬಾಸಿಡರ್ ಮತ್ತು ಪದ್ಮಿನಿ ಬಳಸಿದ್ದೂ ಮೂಲತಃ ಅದೇ ವ್ಯವಸ್ಥೆಯನ್ನು.

ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಮುಚ್ಚಿರುವಾಗ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತದೆ. ಪಾಯಿಂಟ್ ತೆರೆದ ಕ್ಷಣ ಕರೆಂಟ್ ಕಡಿದು, ಬ್ಯಾಟರಿಯ 12 ವೋಲ್ಟ್ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಆಗಿ ಏರುತ್ತದೆ. ರೋಟರ್ ಮತ್ತು ಕ್ಯಾಪ್ ಅದನ್ನು ಸರಿಯಾದ ಪ್ಲಗ್‌ಗೆ ಹಂಚುತ್ತವೆ. ಪಾಯಿಂಟ್ ತುದಿ ಸುಡದಂತೆ, ಕರೆಂಟ್ ಚುರುಕಾಗಿ ಕಡಿಯುವಂತೆ ನೋಡಿಕೊಳ್ಳುವುದು ಕಂಡೆನ್ಸರ್.

ಮುಂಚಿತವನ್ನು ಹೆಚ್ಚು ಕಡಿಮೆ ಮಾಡಲು ಎರಡು ಏರ್ಪಾಡುಗಳಿವೆ. ಮೊದಲನೆಯದು ಸ್ಪ್ರಿಂಗ್ ಕಟ್ಟಿದ ಎರಡು ಪುಟ್ಟ ತೂಕಗಳು. ವೇಗ ಹೆಚ್ಚಿದಂತೆ ಇವು ಹೊರಕ್ಕೆ ಚಾಚಿ ಕಿಡಿಯನ್ನು ಮುಂಚಿತಗೊಳಿಸುತ್ತವೆ. ಎರಡನೆಯದು ವ್ಯಾಕ್ಯೂಮ್ ಡಬ್ಬಿ. ಸಮತಟ್ಟಿನ ರಸ್ತೆಯಲ್ಲಿ ಹಗುರವಾಗಿ ಆಕ್ಸಿಲರೇಟರ್ ಒತ್ತಿ ಹೋಗುವಾಗ ಸಿಲಿಂಡರ್‌ಗೆ ಬರುವ ಮಿಶ್ರಣ ಕಡಿಮೆ ಇರುತ್ತದೆ, ಅದು ನಿಧಾನವಾಗಿ ಉರಿಯುತ್ತದೆ. ಆಗ ಈ ಡಬ್ಬಿಯೊಳಗಿನ ರಬ್ಬರ್ ಪೊರೆ ಪಾಯಿಂಟ್ ಕೂರಿಸಿರುವ ತಟ್ಟೆಯನ್ನು ಎಳೆದು ಇನ್ನಷ್ಟು ಅಡ್ವಾನ್ಸ್ ಕೊಡುತ್ತದೆ. ಮೈಲೇಜ್‌ಗೆ ಇದರ ಪಾತ್ರ ದೊಡ್ಡದು.

ಯಾರೂ ಮುಟ್ಟದಿದ್ದರೂ ಟೈಮಿಂಗ್ ಕೆಡುತ್ತದೆಯೇ?

ಕೆಡುತ್ತದೆ. ಸಣ್ಣ ಲೆಕ್ಕ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಎರಡು ಕಿಡಿ. 3000 ಸುತ್ತಿನ ವೇಗದಲ್ಲಿ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ಗಂಟೆಗೆ 50 ಕಿಲೋಮೀಟರ್‌ನಂತೆ 5000 ಕಿಲೋಮೀಟರ್ ಓಡಿದರೆ 100 ಗಂಟೆ. ಸರಾಸರಿ 2500 ಸುತ್ತು ಎಂದರೂ ಅಷ್ಟರಲ್ಲಿ ಪಾಯಿಂಟ್ 3 ಕೋಟಿ ಸಲ ಬಡಿದಿರುತ್ತದೆ.

ಹೀಗೆ ಬಡಿದು ಬಡಿದು ಕ್ಯಾಮ್‌ಗೆ ತಾಗುವ ಪಾಯಿಂಟ್‌ನ ಹಿಮ್ಮಡಿ ಸವೆಯುತ್ತದೆ. ಸವೆದರೆ ಪಾಯಿಂಟ್‌ನ ಗ್ಯಾಪ್ ಕಿರಿದಾಗುತ್ತದೆ. ಗ್ಯಾಪ್ ಕಿರಿದಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಅಂದರೆ ಟೈಮಿಂಗ್ ರಿಟಾರ್ಡ್ ಆಗುತ್ತದೆ. ಗ್ಯಾಪ್ ಹೆಚ್ಚಿಸಿದರೆ ಇದಕ್ಕೆ ತಿರುಗುಮುರುಗು. ಗ್ಯಾಪ್ ಮುಟ್ಟಿದರೆ ಟೈಮಿಂಗ್ ಬದಲಾಗುತ್ತದೆ, ಆದರೆ ಟೈಮಿಂಗ್ ಮುಟ್ಟಿದರೆ ಗ್ಯಾಪ್ ಬದಲಾಗುವುದಿಲ್ಲ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಹಳೆಯ ಮೆಕ್ಯಾನಿಕ್‌ಗಳು ಈ ಕ್ರಮ ತಪ್ಪಿಸದಿರಲು ಕಾರಣ ಇದೇ.

ಉಳಿದ ಕಾರಣಗಳೂ ಇವೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಒಳಗಿನ ತೂಕಗಳು ತುಕ್ಕು ಮತ್ತು ಒಣಗಿದ ಗ್ರೀಸ್‌ನಿಂದ ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಸಡಿಲವಾಗುತ್ತದೆ. ವ್ಯಾಕ್ಯೂಮ್ ಡಬ್ಬಿಯ ಪೊರೆ ಹರಿಯುತ್ತದೆ. ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಬುಷ್ ಸವೆದು ಅಲುಗಾಟ ಬರುತ್ತದೆ. ಟೈಮಿಂಗ್ ಚೈನ್ ಸಡಿಲಗೊಳ್ಳುತ್ತದೆ. ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಹೊರಗಿನಿಂದ ಡಿಸ್ಟ್ರಿಬ್ಯೂಟರ್ ತಿರುಗಿಸುವುದು ಪರಿಹಾರವಲ್ಲ.

ಲಕ್ಷಣ ಒಂದು, ಕಾರಣ ಹಲವು

ಕಿಡಿ ಬೇಗ ಹಾರಿದರೆ ಏರಿನಲ್ಲಿ, ಅದರಲ್ಲೂ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಡಬ್ಬಿಯೊಳಗೆ ಮೊಳೆ ಅಲ್ಲಾಡಿಸಿದಂಥ ಸದ್ದು ಬರುತ್ತದೆ. ಇದೇ ನಾಕಿಂಗ್. ಬಿಸಿ ಎಂಜಿನ್‌ಗೆ ಸೆಲ್ಫ್ ಹೊಡೆದಾಗ ಎಂಜಿನ್ ತಡೆದಂತೆ, ಹಿಂದಕ್ಕೆ ಒದ್ದಂತೆ ಆಗುತ್ತದೆ. ಕಿಡಿ ತಡವಾದರೆ ಪಿಕಪ್ ಇರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸೈಲೆನ್ಸರ್‌ನಲ್ಲಿ ಢಬ್ ಎನ್ನುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಪೂರ್ತಿ ಉರಿಯದ ಬೆಂಕಿ ಎಕ್ಸಾಸ್ಟ್ ವಾಲ್ವ್ ದಾಟಿ ಹೋಗುವುದೇ ಇದಕ್ಕೆ ಕಾರಣ.

ಈಗ ಇನ್ನೊಂದು ಬದಿ ನೋಡಿ. ಸಿಲಿಂಡರ್‌ನಲ್ಲಿ ಕಾರ್ಬನ್ ಕಟ್ಟಿದ್ದರೂ ನಾಕ್ ಬರುತ್ತದೆ. ಎಲ್ಲೋ ಗ್ಯಾಸ್ಕೆಟ್ ಬಳಿ ಗಾಳಿ ಎಳೆದು ಮಿಶ್ರಣ ತೆಳುವಾದರೂ, ಎಂಜಿನ್‌ಗೆ ಹೊಂದದ ಪ್ಲಗ್ ಹಾಕಿದ್ದರೂ ಬರುತ್ತದೆ. ರೇಡಿಯೇಟರ್ ಕಟ್ಟಿಕೊಂಡಿದ್ದರೂ ಎಂಜಿನ್ ಬಿಸಿಯಾಗುತ್ತದೆ. ಬ್ರೇಕ್ ಹಿಡಿದುಕೊಂಡಿದ್ದರೂ ಪಿಕಪ್ ಇರುವುದಿಲ್ಲ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಸರಿಯಾಗಿ ಮುಚ್ಚದಿದ್ದರೂ ಮಿಸ್ಸಿಂಗ್ ಹೊಡೆಯುತ್ತದೆ. ಸದ್ದಿನಲ್ಲೂ ಮೋಸ ಹೋಗಬಹುದು. ಬೇರಿಂಗ್ ಸವೆದಾಗ ಬರುವುದು ಒಳಗಿನಿಂದ ಗುದ್ದಿದಂಥ ದಪ್ಪ ಸದ್ದು. ಟ್ಯಾಪೆಟ್ ಸಡಿಲವಾದಾಗ ಐಡ್ಲಿಂಗ್‌ನಲ್ಲೇ ಎಂಜಿನ್‌ನ ಮೇಲ್ಭಾಗದಿಂದ ಟಿಕ್‌ಟಿಕ್ ಕೇಳಿಸುತ್ತದೆ. ಟೈಮಿಂಗ್‌ನಿಂದ ಬರುವ ನಾಕ್ ಮುಖ್ಯವಾಗಿ ಭಾರ ಬಿದ್ದಾಗ ಬಂದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಲ್ಲುತ್ತದೆ.

ಕೀ ಆಫ್ ಮಾಡಿದ ಮೇಲೂ ಎಂಜಿನ್ ಕೆಲವು ಸೆಕೆಂಡ್ ಕುಲುಕುತ್ತಾ ಓಡಿದರೆ ಅದನ್ನೂ "ಟೈಮಿಂಗ್ ಹೋಗಿದೆ" ಎನ್ನುವುದುಂಟು. ಕೀ ಆಫ್ ಆದ ಮೇಲೆ ಕಿಡಿಯೇ ಇಲ್ಲ, ಕಿಡಿಯ ಸಮಯದ ಮಾತು ಎಲ್ಲಿ ಬಂತು? ಅಲ್ಲಿ ಬೆಂಕಿ ಹಚ್ಚುತ್ತಿರುವುದು ಕೆಂಡದಂತೆ ಕಾದ ಕಾರ್ಬನ್ ಅಥವಾ ಪ್ಲಗ್‌ನ ತುದಿ. ಐಡ್ಲಿಂಗ್ ಅತಿ ಹೆಚ್ಚಿಟ್ಟಿದ್ದರೂ ಹೀಗಾಗುತ್ತದೆ. ಎಂಜಿನ್ ಅತಿಯಾಗಿ ಕಾಯಲು ತಪ್ಪಿದ ಟೈಮಿಂಗ್ ಒಂದು ಕಾರಣವಾಗಿರಬಹುದು, ಅಷ್ಟೇ.

"ಕಿವಿಗೊಟ್ಟು ಕೇಳಿ ತಿರುಗಿಸಿ" ಎಂಬ ಸಲಹೆ ಸರಿಯೇ?

"ಎಂಜಿನ್ ಚಾಲೂ ಇಟ್ಟು ಡಿಸ್ಟ್ರಿಬ್ಯೂಟರ್ ನಿಧಾನ ತಿರುಗಿಸಿ, ಎಲ್ಲಿ ಎಂಜಿನ್ ಜೋರಾಗಿ, ನುಣುಪಾಗಿ ಓಡುತ್ತದೋ ಅಲ್ಲಿ ಬಿಗಿ ಮಾಡಿ." ಇದು ಅತಿ ಜನಪ್ರಿಯ ಸಲಹೆ. ನಂಬುವಂತೆಯೂ ಇದೆ, ಏಕೆಂದರೆ ತಿರುಗಿಸಿದಾಗ ಎಂಜಿನ್ ನಿಜವಾಗಿಯೂ ಚುರುಕಾಗುತ್ತದೆ.

ತೊಂದರೆ ಇರುವುದು ಇಲ್ಲೇ. ಐಡ್ಲಿಂಗ್‌ನಲ್ಲಿ ಎಂಜಿನ್ ಮೇಲೆ ಭಾರವಿಲ್ಲ. ಆಗ ಅದು ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಅಡ್ವಾನ್ಸ್ ಕೊಟ್ಟರೂ ನಾಕ್ ಹೊಡೆಯದೆ ವೇಗ ಏರಿಸಿಕೊಳ್ಳುತ್ತದೆ. ಆದರೆ ಡಿಸ್ಟ್ರಿಬ್ಯೂಟರ್ ಅನ್ನು ಅಲ್ಲಿಯೇ ಬಿಗಿ ಮಾಡಿದರೆ, ಆ ಹೆಚ್ಚುವರಿ ಡಿಗ್ರಿಗಳು ಎಲ್ಲ ವೇಗದಲ್ಲೂ ಸೇರಿಕೊಳ್ಳುತ್ತವೆ. ತೂಕಗಳು ಕೊಡುವ ಅಡ್ವಾನ್ಸ್ ಮೇಲೆ ಇದೂ ಸೇರಿ, ಐದು ಜನರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಮಿತಿ ಮೀರುತ್ತದೆ. ಗ್ಯಾರೇಜಿನಲ್ಲಿ ಕೇಳಿದ ಸದ್ದಿನಿಂದ ಘಾಟಿಯ ಸ್ಥಿತಿ ತಿಳಿಯುವುದಿಲ್ಲ. ಹೆಚ್ಚು ವೇಗದಲ್ಲಿ ಗಾಳಿ ಮತ್ತು ಟೈರ್ ಸದ್ದಿನ ನಡುವೆ ನಾಕ್ ಕಿವಿಗೆ ಬೀಳದೆಯೂ ಇರಬಹುದು. ಹಾಗೆ ಬಹಳ ಹೊತ್ತು ನಡೆದರೆ ಪಿಸ್ಟನ್‌ನ ತಲೆ ಕರಗಿ ತೂತಾಗುವುದುಂಟು, ರಿಂಗ್ ಮುರಿಯುವುದುಂಟು, ಹೆಡ್ ಗ್ಯಾಸ್ಕೆಟ್ ಹೋಗುವುದುಂಟು.

ಹಾಗಾದರೆ ಹಳಬರು ಕಿವಿಯಿಂದಲೇ ಟ್ಯೂನ್ ಮಾಡುತ್ತಿರಲಿಲ್ಲವೇ? ಮಾಡುತ್ತಿದ್ದರು. ಆದರೆ ಅವರ ಕೆಲಸ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಗಾಡಿ ಓಡಿಸಿ, ಏರು ಹತ್ತಿಸಿ, ನಾಕ್ ಬಂದರೆ ಹಿಂದಕ್ಕೆ ಸರಿಸಿ ಮತ್ತೆ ನೋಡುತ್ತಿದ್ದರು. ಮೊಬೈಲ್‌ನ ಚಿಕ್ಕ ವಿಡಿಯೊದಲ್ಲಿ ಉಳಿಯುವುದು ತಿರುಗಿಸುವ ಮೊದಲರ್ಧ ಮಾತ್ರ.

ಊರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ಸಿಲಿಂಡರ್‌ಗೆ ಸೇರುವ ಗಾಳಿ ಕಡಿಮೆಯಾದಷ್ಟೂ ನಾಕ್ ಆಗುವ ಸಂಭವ ಕಡಿಮೆ. ಬೆಂಗಳೂರಿನಲ್ಲಿ ನಾಕ್ ಅಂಚಿಗೆ ತಂದಿಟ್ಟ ಕಾರು ಮಂಗಳೂರಿಗೆ ಇಳಿದ ಮೇಲೆ ಸದ್ದು ಮಾಡಿದರೆ ಅದು ಆಶ್ಚರ್ಯವಲ್ಲ, "ಮಂಗಳೂರಿನ ಪೆಟ್ರೋಲ್ ಸರಿಯಿಲ್ಲ" ಎನ್ನುವುದಕ್ಕೆ ಪುರಾವೆಯೂ ಅಲ್ಲ.

ಪತ್ತೆ ಹಚ್ಚುವ ಸರಿಯಾದ ಕ್ರಮ

ಇದನ್ನು ನೀವೇ ಮಾಡಬೇಕೆಂದಿಲ್ಲ. ಆದರೆ ಕ್ರಮ ಗೊತ್ತಿದ್ದರೆ ಮೆಕ್ಯಾನಿಕ್ ಬಳಿ ಸರಿಯಾದ ಪ್ರಶ್ನೆ ಕೇಳಬಹುದು.

1. ಮೊದಲು ಬರೆದಿಟ್ಟುಕೊಳ್ಳಿ. ತೊಂದರೆ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಐಡ್ಲಿಂಗ್‌ನಲ್ಲೋ ಏರಿನಲ್ಲೋ? ಎಂದಿನಿಂದ? ಅದಕ್ಕೆ ಮುಂಚೆ ಯಾರು ಏನನ್ನು ಮುಟ್ಟಿದ್ದರು? ಈಗ ಡಿಸ್ಟ್ರಿಬ್ಯೂಟರ್ ಇರುವ ಜಾಗಕ್ಕೆ ಉಗುರು ಬಣ್ಣದಿಂದ ಗುರುತು ಹಾಕಿ. ಏನೇ ಆದರೂ ಇಲ್ಲಿಗೆ ಹಿಂದಿರುಗಬಹುದು.

2. ಕಿಡಿಯ ಆರೋಗ್ಯ ನೋಡಿ. ಬ್ಯಾಟರಿ, ವೈರ್ ತುದಿಗಳು, ಪ್ಲಗ್, ಕ್ಯಾಪ್‌ನಲ್ಲಿ ಕೂದಲೆಳೆ ಬಿರುಕು, ರೋಟರ್, ಪ್ಲಗ್ ವೈರ್‌ಗಳ ಕ್ರಮ. ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ನಲ್ಲಿ ಕಿಡಿ ಹಾರುವ ಕ್ರಮ 1-3-4-2. ಎರಡು ವೈರ್ ಅದಲು ಬದಲಾದರೂ ಟೈಮಿಂಗ್ ತಪ್ಪಿದಂತೆಯೇ ಕಾಣುತ್ತದೆ.

3. ಪಾಯಿಂಟ್ ಗ್ಯಾಪ್. ತುದಿಗಳು ಸುಟ್ಟಿದ್ದರೆ ಬದಲಿಸಿ. ಗ್ಯಾಪ್ ಅನ್ನು ಫೀಲರ್ ಗೇಜ್‌ನಿಂದಲೇ ಅಳೆಯಿರಿ. ಬ್ರಿಟಿಷ್ ವಿನ್ಯಾಸದ ನಾಲ್ಕು ಸಿಲಿಂಡರ್ ಕಾರುಗಳ ಹಲವು ಲ್ಯೂಕಾಸ್ ಡಿಸ್ಟ್ರಿಬ್ಯೂಟರ್‌ಗಳಿಗೆ ಇದು ಸುಮಾರು 0.35ರಿಂದ 0.40 ಮಿಲಿಮೀಟರ್. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಅಂತಿಮ.

4. ಎಂಜಿನ್ ಆಫ್ ಇಟ್ಟು ಬಲ್ಬ್ ಪರೀಕ್ಷೆ. ಡಿಸ್ಟ್ರಿಬ್ಯೂಟರ್‌ನಿಂದ ಕಾಯಿಲ್‌ಗೆ ಬರುವ ತೆಳು ವೈರ್‌ನ ತುದಿಗೂ ಕಾರಿನ ಬಾಡಿಗೂ ನಡುವೆ 12 ವೋಲ್ಟ್ ಪುಟ್ಟ ಬಲ್ಬ್ ಸೇರಿಸಿ, ಇಗ್ನಿಷನ್ ಕೀ ಆನ್ ಮಾಡಿ. ಎಂಜಿನ್ ಅನ್ನು ಕೈಯಿಂದ ನಿಧಾನ ತಿರುಗಿಸಿದಾಗ ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹೊತ್ತುತ್ತದೆ. ಆ ಕ್ಷಣಕ್ಕೆ ಪುಲ್ಲಿಯ ಗುರುತು ಕೈಪಿಡಿ ಹೇಳಿದ ಡಿಗ್ರಿಯಲ್ಲಿರಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ. ಕೀ ಬಹಳ ಹೊತ್ತು ಆನ್ ಇಟ್ಟರೆ ಕಾಯಿಲ್ ಕಾಯುತ್ತದೆ.

ಇಲ್ಲಿ ಎಡವುವ ಜಾಗ ಒಂದಿದೆ. 1ನೇ ಪಿಸ್ಟನ್ ಮೇಲೆ ಬಂದಾಗ 4ನೆಯದೂ ಮೇಲೆ ಬರುತ್ತದೆ. ಗುರುತು ಸರಿಯಾಗಿದ್ದ ಮಾತ್ರಕ್ಕೆ 1ನೇ ಸಿಲಿಂಡರ್‌ನ ಸರದಿ ಎಂದಲ್ಲ. ರೋಟರ್ 1ನೇ ಪ್ಲಗ್ ವೈರ್‌ನತ್ತ ಮುಖ ಮಾಡಿದೆಯೇ, ಆ ಸಿಲಿಂಡರ್‌ನ ಎರಡೂ ವಾಲ್ವ್ ಮುಚ್ಚಿವೆಯೇ ಎಂದು ನೋಡಬೇಕು.

5. ಎಂಜಿನ್ ಓಡುವಾಗ ಟೈಮಿಂಗ್ ಲೈಟ್. 1ನೇ ಪ್ಲಗ್ ವೈರ್‌ಗೆ ಜೋಡಿಸಿದ ಈ ದೀಪ ಕಿಡಿ ಹಾರಿದಾಗೆಲ್ಲ ಮಿನುಗಿ, ತಿರುಗುವ ಪುಲ್ಲಿಯ ಗುರುತನ್ನು ನಿಂತಂತೆ ತೋರಿಸುತ್ತದೆ. ಕೈಪಿಡಿ ಹೇಳಿದ ವೇಗದಲ್ಲಿ, ವ್ಯಾಕ್ಯೂಮ್ ಪೈಪ್ ಕಳಚಿ ಅದರ ಬಾಯಿ ಮುಚ್ಚಿ ನೋಡುವುದು ವಾಡಿಕೆ.

6. ನಿಧಾನವಾಗಿ ರೇಸ್ ಕೊಡಿ. ಗುರುತು ಅಡ್ವಾನ್ಸ್‌ನತ್ತ ಹಂತಹಂತವಾಗಿ ಸರಿಯಬೇಕು. ಸರಿಯದಿದ್ದರೆ ತೂಕಗಳು ಅಂಟಿಕೊಂಡಿವೆ. ಒಮ್ಮೆಲೇ ಹಾರಿದರೆ ಸ್ಪ್ರಿಂಗ್ ಹೋಗಿದೆ. ದೀಪ ಇಲ್ಲದಿದ್ದರೆ ಎಂಜಿನ್ ಆಫ್ ಇಟ್ಟು ರೋಟರ್ ಅನ್ನು ಅದು ಸುತ್ತುವ ದಿಕ್ಕಿಗೆ ತುಸು ತಿರುಗಿಸಿ ಬಿಡಿ. ತಾನಾಗಿ ಹಿಂದಕ್ಕೆ ಬರಬೇಕು.

7. ವ್ಯಾಕ್ಯೂಮ್ ಡಬ್ಬಿ. ಎಂಜಿನ್ ಆಫ್ ಇಟ್ಟು ಡಬ್ಬಿಯ ಪೈಪ್‌ನಿಂದ ಗಾಳಿ ಎಳೆದರೆ ಒಳಗಿನ ತಟ್ಟೆ ಸರಿದು, ಎಳೆದು ಹಿಡಿದಷ್ಟು ಹೊತ್ತು ಅಲ್ಲೇ ನಿಲ್ಲಬೇಕು. ಗಾಳಿ ಸಲೀಸಾಗಿ ಬರುತ್ತಿದ್ದರೆ ಪೊರೆ ಹರಿದಿದೆ. ಪೈಪ್‌ನಲ್ಲಿ ಪೆಟ್ರೋಲ್ ಆವಿ ಇರುವ ಕಾರಣ ಬಾಯಿ ಹಚ್ಚಬೇಡಿ, ಸಿರಿಂಜ್ ಬಳಸಿ.

8. ಗುರುತು ನಡುಗುತ್ತಿದ್ದರೆ ಶಾಫ್ಟ್ ಬುಷ್ ನೋಡಿ. ರೋಟರ್ ಕೂತಿರುವ ಶಾಫ್ಟ್ ಅನ್ನು ಪಕ್ಕಕ್ಕೆ ಅಲ್ಲಾಡಿಸಿದಾಗ ಆಟ ಸಿಕ್ಕರೆ ಗ್ಯಾಪ್ ಒಂದೊಂದು ಕಿಡಿಗೂ ಬದಲಾಗುತ್ತಿದೆ ಎಂದರ್ಥ. ಇಂಥ ಡಿಸ್ಟ್ರಿಬ್ಯೂಟರ್‌ಗೆ ಎಷ್ಟು ಸಲ ಟೈಮಿಂಗ್ ಇಟ್ಟರೂ ನಿಲ್ಲುವುದಿಲ್ಲ.

9. ಕೊನೆಗೆ ಅದೇ ಏರು, ಅದೇ ಗೇರು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಓಡಿಸಿ ನೋಡಿ. ಪ್ಲಗ್, ಪಾಯಿಂಟ್, ಕಾರ್ಬ್ಯುರೇಟರ್, ಟೈಮಿಂಗ್ ಎಲ್ಲವನ್ನೂ ಒಂದೇ ದಿನ ಮುಟ್ಟಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ತಪ್ಪೆಲ್ಲ ಪೆಟ್ರೋಲಿನದೇ?

ನಾಕಿಂಗ್ ಮತ್ತು ಪೆಟ್ರೋಲಿನ ಸಂಬಂಧ ನಿಜ. ಅದರ ಇತಿಹಾಸವೂ ಕುತೂಹಲಕರ. ಕೆಟರಿಂಗ್ ಅವರ ಬ್ಯಾಟರಿ ಇಗ್ನಿಷನ್ ಬಂದ ಹೊಸದರಲ್ಲಿ ಕಾರುಗಳ ನಾಕಿಂಗ್‌ಗೆ ಆ ಇಗ್ನಿಷನ್ನೇ ಕಾರಣ ಎಂಬ ದೂರು ಎದ್ದಿತು. ಅವರ ಸಂಶೋಧನಾ ತಂಡದಲ್ಲಿದ್ದ ಥಾಮಸ್ ಮಿಡ್ಗ್ಲಿ ಪರೀಕ್ಷೆಗಳನ್ನು ಮಾಡಿದಾಗ ಮೂಲ ಇಂಧನದಲ್ಲಿದೆ ಎಂದು ತಿಳಿಯಿತು. 1921ರಲ್ಲಿ ಅದಕ್ಕೆ ಮದ್ದಾಗಿ ಅವರು ಕಂಡುಕೊಂಡದ್ದು ಸೀಸದ ಸಂಯುಕ್ತ. ಆ ಸೀಸ ಮುಂದೆ ಜಗತ್ತಿನ ಮಕ್ಕಳ ಮಿದುಳಿಗೆ ವಿಷವಾಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಕೊನೆಯ ದೇಶವಾಗಿ ಅಲ್ಜೀರಿಯಾ 2021ರಲ್ಲಿ ನಿಲ್ಲಿಸಿತು. ಅಂದು ಪೆಟ್ರೋಲಿನ ತಪ್ಪನ್ನು ಇಗ್ನಿಷನ್ ಮೇಲೆ ಹಾಕಿದ್ದರು. ಇಂದು ಹಲವರು ಇಗ್ನಿಷನ್ ತಪ್ಪನ್ನು ಪೆಟ್ರೋಲ್ ಮೇಲೆ ಹಾಕುತ್ತಿದ್ದಾರೆ.

ದುಬಾರಿ ಪ್ರೀಮಿಯಂ ಪೆಟ್ರೋಲ್ ಬೇಕೇ? ಅಂಬಾಸಿಡರ್‌ನಂಥ ಹಳೆಯ ಎಂಜಿನ್‌ಗಳ ಕಂಪ್ರೆಷನ್ ಇಂದಿನ ಕಾರುಗಳಿಗಿಂತ ಕಡಿಮೆ. ಟೈಮಿಂಗ್ ಸರಿಯಿದ್ದು ಕಾರ್ಬನ್ ಕಟ್ಟಿಲ್ಲದಿದ್ದರೆ ಬಂಕಿನ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಇವುಗಳಿಗೆ ಸಾಲುತ್ತದೆ. ಪ್ರೀಮಿಯಂ ಹಾಕಿದಾಗ ಸದ್ದು ನಿಂತರೆ ಸಂತೋಷಪಡುವ ಬದಲು, ಸಾಮಾನ್ಯ ಪೆಟ್ರೋಲಿನಲ್ಲಿ ಅದು ಯಾಕೆ ಬಂತು ಎಂದು ಹುಡುಕಬೇಕು.

ಎಥನಾಲ್ ಬೆರೆಸಿದ ಪೆಟ್ರೋಲ್ ನಾಕ್ ತರುತ್ತದೆಯೇ? ಎಥನಾಲ್‌ನ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು. ಹಾಗಾಗಿ ಅದು ನಾಕ್ ತಡೆಯುವ ಕಡೆಗೇ ವಾಲುತ್ತದೆ. ಆದರೆ ಹಳೆಯ ಕಾರಿನವರ ಆತಂಕ ಪೂರ್ತಿ ಸುಳ್ಳೂ ಅಲ್ಲ. ಶೇ. 20 ಎಥನಾಲ್ ಇರುವ ಪೆಟ್ರೋಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ. 7ರಷ್ಟು ಕಡಿಮೆ. ಹಳೆಯ ಕಾರ್ಬ್ಯುರೇಟರ್‌ಗೆ ಆ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರ್ ಪೈಪ್ ಮತ್ತು ಪಂಪ್‌ನ ಪೊರೆ ಬೇಗ ಹಾಳಾಗಬಹುದು. ಇವುಗಳಿಗೆ ಮದ್ದು ಹೊಸ ಪೈಪ್ ಮತ್ತು ಕಾರ್ಬ್ಯುರೇಟರ್ ಹೊಂದಾಣಿಕೆ. ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಇವು ಸರಿಹೋಗುವುದಿಲ್ಲ.

ಇನ್ನು ಟ್ಯಾಂಕಿಗೆ ನುಸಿಗುಳಿಗೆ ಹಾಕುವ ಹಳೆಯ ಸಲಹೆ. ದಯವಿಟ್ಟು ಬೇಡ. ಅಂಗಡಿಯ ನುಸಿಗುಳಿಗೆಗಳೆಲ್ಲ ಒಂದೇ ರಾಸಾಯನಿಕದಿಂದ ಮಾಡಿದವಲ್ಲ. ಕರಗಿದ್ದು ಮತ್ತೆ ಹರಳುಗಟ್ಟಿದರೆ ಕಾರ್ಬ್ಯುರೇಟರ್‌ನ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ.

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಎಲ್ಲ ಮುಗಿಯಿತೇ?

ಪಾಯಿಂಟ್ ಸವೆಯುವ ಕಾಟ ತಪ್ಪುತ್ತದೆ, ಗ್ಯಾಪ್ ಇಡುವ ಕೆಲಸ ಇಲ್ಲ. ಇದು ಒಳ್ಳೆಯದೇ. ಆದರೆ ಡಿಸ್ಟ್ರಿಬ್ಯೂಟರ್ ಒಳಗೆ ಕೂರುವ ಸಾಮಾನ್ಯ ಕಿಟ್‌ಗಳು ಪಾಯಿಂಟ್‌ನ ಜಾಗವನ್ನು ಮಾತ್ರ ತುಂಬುತ್ತವೆ. ತೂಕ, ಸ್ಪ್ರಿಂಗ್, ವ್ಯಾಕ್ಯೂಮ್ ಡಬ್ಬಿ ಅವೇ ಹಳೆಯವು. ಅವು ಕೆಟ್ಟಿದ್ದರೆ ತೊಂದರೆ ಹಾಗೆಯೇ ಉಳಿಯುತ್ತದೆ. ಕಿಟ್ ಹಾಕಿದ ಮೇಲೆ ಟೈಮಿಂಗ್ ಮತ್ತೆ ಇಡಲೇಬೇಕು. ಕೆಲವು ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಅದನ್ನು ನೋಡದೆ ಜೋಡಿಸಿದರೆ ಕಿಟ್ ಸುಟ್ಟುಹೋಗಬಹುದು.

ಈ ಎಚ್ಚರಿಕೆಗಳನ್ನು ಮರೆಯಬೇಡಿ

ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಚಾಲೂ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತದೆ. ಟೈಮಿಂಗ್ ಲೈಟ್‌ನ ಮಿನುಗಿನಲ್ಲಿ ಸುತ್ತುವ ಫ್ಯಾನ್ ನಿಂತಂತೆ ಅಥವಾ ನಿಧಾನವಾಗಿ ತಿರುಗುವಂತೆ ಕಾಣಬಹುದು, ಕೈ ಹಾಕಿದರೆ ಬೆರಳು ಹೋಗುತ್ತದೆ. ಸೆರಗು, ದುಪಟ್ಟಾ, ಲುಂಗಿ, ಉದ್ದ ತೋಳಿನ ಅಂಗಿ ಫ್ಯಾನ್ ಬೆಲ್ಟ್‌ನಿಂದ ದೂರವಿರಲಿ. ಪೇಸ್‌ಮೇಕರ್ ಇರುವವರು ಓಡುತ್ತಿರುವ ಎಂಜಿನ್‌ನ ಪ್ಲಗ್ ವೈರ್‌ಗಳ ಹತ್ತಿರ ಬರಬೇಡಿ. ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವ ಕಾರಾದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು, ಮೇಲಕ್ಕೆ ಎಳೆಯಿರಿ. ಟೈಮಿಂಗ್ ಅತಿ ಅಡ್ವಾನ್ಸ್ ಆಗಿದ್ದರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯಬಲ್ಲದು.

ಫಾರ್ವರ್ಡ್ ಮಾಡುವ ಮುನ್ನ

ಹಳೆಯ ಕಾರಿನ ಬಗ್ಗೆ ಸಲಹೆ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಯಾವ ಎಂಜಿನ್‌ಗೆ ಹೇಳಿದ್ದು? ಡೀಸೆಲ್ ಅಂಬಾಸಿಡರ್‌ನಲ್ಲಿ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಡಿಸ್ಟ್ರಿಬ್ಯೂಟರ್ ಕೂಡ ಇಲ್ಲ. ಅಳತೆ ಹೇಳಿದ್ದಾರೆಯೇ, ಅಥವಾ "ಸ್ವಲ್ಪ ತಿರುಗಿಸಿ" ಎಂದಷ್ಟೇ ಇದೆಯೇ? ಬೇರೆ ಕಾರಣ ಇರಬಹುದೇ ಎಂದು ನೋಡುವ ದಾರಿ ಅದರಲ್ಲಿದೆಯೇ? ಮೂರಕ್ಕೂ ಉತ್ತರ ಇಲ್ಲದ ಸಂದೇಶವನ್ನು ನಿಮ್ಮಲ್ಲೇ ನಿಲ್ಲಿಸಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮ ಊರಿನ ಹಳೆಯ ಗ್ಯಾರೇಜಿನಲ್ಲೋ ಇಂಥ ಕಾರುಗಳ ಮೇಲೆ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್ ಇದ್ದರೆ ಅವರ ಬಳಿ ಹೋಗಿ. "ಟೈಮಿಂಗ್ ಸರಿ ಮಾಡಿಕೊಡಿ" ಎನ್ನುವ ಬದಲು "ಟೈಮಿಂಗ್ ಯಾಕೆ ತಪ್ಪಿತು ನೋಡಿ ಹೇಳಿ" ಎಂದು ಕೇಳಿ. ಅವರು ಕ್ಯಾಪ್ ತೆಗೆದು, ಶಾಫ್ಟ್ ಅಲ್ಲಾಡಿಸಿ, ಗ್ಯಾಪ್ ಅಳೆದು ನೋಡುವಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಸಾಧ್ಯವಾದರೆ ಮನೆಯ ಹುಡುಗ ಹುಡುಗಿಯರನ್ನೂ ಕರೆದುಕೊಂಡು ಹೋಗಿ. ಮುಂದೆ ಆ ಕಾರನ್ನು ನೋಡಿಕೊಳ್ಳಬೇಕಾದವರು ಅವರೇ.